ಲಿನಕ್ಸ್‌ನಲ್ಲಿ ವೈಫೈ ಇಲ್ಲ, ಪ್ರಿಂಟ್ ಇಲ್ಲ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ. ಶಾಲೆಯ ಲ್ಯಾಬಿನಲ್ಲಿ ಇರುವುದೆಲ್ಲ ಲಿನಕ್ಸ್. ಮನೆಯಲ್ಲೂ ಅಭ್ಯಾಸ ಮಾಡಲಿ ಅಂತ ಹೊಸ ಲ್ಯಾಪ್‌ಟಾಪ್ ತಂದು, ವಿಂಡೋಸ್ ಜೊತೆಗೇ ಉಬುಂಟು 22.04 ಎಂಬ ಲಿನಕ್ಸ್ ಹಾಕಿಸಿದೆವು. ಅಣ್ಣನ ಮಗನ ಹತ್ತಿರ 2022ರಲ್ಲಿ ಮಾಡಿಟ್ಟ ಪೆನ್‌ಡ್ರೈವ್ ಇತ್ತು, ಅದರಿಂದಲೇ ಹಾಕಿದ್ದು. ಎಲ್ಲ ಚೆನ್ನಾಗಿದೆ, ವೈಫೈ ಮಾತ್ರ ಇಲ್ಲ. ವಿಂಡೋಸ್‌ಗೆ ಹೋದರೆ ಅದೇ ವೈಫೈ ಸರಿಯಾಗಿ ಸಿಗುತ್ತದೆ. ಅಂಗಡಿಯವರು, ‘ಈ ಮಾಡೆಲ್‌ಗೆ ಲಿನಕ್ಸ್ ಆಗುವುದಿಲ್ಲ, ಯುಎಸ್‌ಬಿ ಡಾಂಗಲ್ ತಗೊಳ್ಳಿ’ ಅನ್ನುತ್ತಾರೆ. ಹುಡುಗ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ನೋಡಿ ಒಂದು ನಂಬರ್ ಬರೆದುಕೊಟ್ಟಿದ್ದಾನೆ: ರಿಯಲ್‌ಟೆಕ್, 10ಇಸಿ:ಬಿ852. ನಾನು ಏನು ಮಾಡಲಿ?

ಉತ್ತರ: ಅಕ್ಕಾ, ಡಾಂಗಲ್‌ಗೆ ದುಡ್ಡು ಹಾಕಬೇಡಿ. ನಿಮ್ಮ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆ.

ಹೀಗೆ ಧೈರ್ಯವಾಗಿ ಹೇಳಲು ಆಗುತ್ತಿರುವುದು ಆ ಹುಡುಗ ಬರೆದುಕೊಟ್ಟ ನಂಬರಿನಿಂದ. ಬಹಳ ಜನ ಲ್ಯಾಪ್‌ಟಾಪಿನ ಕಂಪನಿ, ಮಾಡೆಲ್ ಎರಡನ್ನೇ ಬರೆಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ಮಾಡೆಲ್ ಹೆಸರಿನಲ್ಲಿ ಒಮ್ಮೆ ಇಂಟೆಲ್‌ನ ಕಾರ್ಡ್ ಇರುತ್ತದೆ, ಇನ್ನೊಮ್ಮೆ ರಿಯಲ್‌ಟೆಕ್, ಮತ್ತೊಮ್ಮೆ ಮೀಡಿಯಾಟೆಕ್. ಲಿನಕ್ಸ್ ನೋಡುವುದು ಹೊರಗಿನ ಹೆಸರನ್ನಲ್ಲ, ಒಳಗಿನ ಚಿಪ್ಪಿನ ಗುರುತಿನ ನಂಬರನ್ನು. ಕೋಲನ್‌ನ ಎಡಗಡೆ ಇರುವುದು ಚಿಪ್ ಮಾಡಿದವರ ನಂಬರ್, ಬಲಗಡೆ ಇರುವುದು ಚಿಪ್ಪಿನದ್ದು. 10ಇಸಿ ಅಂದರೆ ರಿಯಲ್‌ಟೆಕ್, 14ಇ4 ಅಂದರೆ ಬ್ರಾಡ್‌ಕಾಮ್. ಇಂಟೆಲ್‌ನದ್ದು 8086, ಅದರ ಹಳೆಯ ಪ್ರೊಸೆಸರಿನ ಹೆಸರೇ. ನಿಮ್ಮದು ರಿಯಲ್‌ಟೆಕ್‌ನ 8852ಬಿಇ ಎಂಬ ಕಾರ್ಡ್.

ಬೇರೆ ಓದುಗರಿಗೂ ಇದು ಬೇಕಾಗುತ್ತದೆ. ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯಿರಿ. ಒಂದು ಸ್ಪೇಸ್ ಬಿಟ್ಟು, ಹೈಫನ್ ಹಾಕಿ, ಅದಕ್ಕೆ ತಾಗಿಸಿ ಎನ್, ಎನ್, ಕೆ ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ನೆಟ್‌ವರ್ಕ್ ಅಂತ ಇರುವ ಸಾಲು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಹತ್ತಿದೆ, ತೊಂದರೆ ಬೇರೆ ಕಡೆ. ಆ ಸಾಲೇ ಇಲ್ಲವಾದರೆ ಚಿಪ್ಪನ್ನು ಮಾತಾಡಿಸುವವರೇ ಇಲ್ಲ ಎಂದರ್ಥ. ಯುಎಸ್‌ಬಿಗೆ ಚುಚ್ಚುವ ವಸ್ತುಗಳಿಗೆ ಪಿಸಿಐ ಬದಲು ಯುಎಸ್‌ಬಿ ಎಂದು ಬರೆದರೆ ಆಯಿತು, ಆಗ ಹೈಫನ್ ಮತ್ತು ಅದರ ಮುಂದಿನ ಅಕ್ಷರಗಳು ಬೇಡ.

ಈಗ ಕಾರಣಕ್ಕೆ ಬರೋಣ. ವಿಂಡೋಸ್‌ನಲ್ಲಿ ಡ್ರೈವರನ್ನು ಕಂಪನಿ ಬೇರೆಯಾಗಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಒಳಗೇ ಬರುತ್ತವೆ. ಆದ್ದರಿಂದ ನಿಮ್ಮ ಕರ್ನಲ್ ಎಷ್ಟು ಹಳೆಯದೋ, ಅದಕ್ಕೆ ಗೊತ್ತಿರುವ ಚಿಪ್ಪುಗಳೂ ಅಷ್ಟೇ ಹಳೆಯವು. ಉಬುಂಟು 22.04 ಬಂದದ್ದು 2022ರ ಏಪ್ರಿಲ್‌ನಲ್ಲಿ, 5.15 ಕರ್ನಲ್ ಜೊತೆ. ನಿಮ್ಮ ಕಾರ್ಡಿನ ಡ್ರೈವರ್ ಕರ್ನಲ್‌ಗೆ ಸೇರಿದ್ದು 6.2ರಲ್ಲಿ, ಅಂದರೆ 2023ರ ಫೆಬ್ರವರಿಯಲ್ಲಿ. ಹಳೆಯ ಪೆನ್‌ಡ್ರೈವ್, ಹೊಸ ಲ್ಯಾಪ್‌ಟಾಪ್. ನಡುವೆ ಹತ್ತು ತಿಂಗಳ ಅಂತರ. ತೊಂದರೆ ಅಷ್ಟೇ. ಹಳೆಯ ಯಂತ್ರಕ್ಕೆ ಲಿನಕ್ಸ್ ಒಳ್ಳೆಯದು ಅಂತ ನಾವೆಲ್ಲ ಹೇಳುತ್ತೇವೆ, ಅದು ನಿಜ. ಆದರೆ ಹೊಚ್ಚ ಹೊಸ ಯಂತ್ರಕ್ಕೆ ಹೊಸ ಲಿನಕ್ಸೇ ಬೇಕು ಅನ್ನುವುದನ್ನೂ ಜೊತೆಗೆ ಹೇಳಬೇಕು.

ಹೀಗೆ ಮಾಡಿ. ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆ ಹೋಗಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇದಕ್ಕೆ ವೈಫೈ ಕಾರ್ಡ್ ಬೇಡ, ಇಂಟರ್‌ನೆಟ್ ನೇರ ಬರುತ್ತದೆ. ಆ ಬಟನ್ ಒತ್ತಲು ಆಗದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳು ಚಾರ್ಜ್ ಮಾಡಲಿಕ್ಕೆ ಮಾತ್ರ, ಅವುಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ. ನಂತರ ಸಾಫ್ಟ್‌ವೇರ್ ಅಪ್‌ಡೇಟರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ತುಂಬಾ ಡೇಟಾ ಹೋಗುತ್ತದೆ, ಪ್ಯಾಕ್‌ನಲ್ಲಿ ಅಷ್ಟು ಉಳಿದಿರುವ ದಿನ ಕೂತುಕೊಳ್ಳಿ. ಆಮೇಲೆ ರೀಸ್ಟಾರ್ಟ್. ಟರ್ಮಿನಲ್‌ನಲ್ಲಿ ಯುನೇಮ್ (ಯು, ಎನ್, ಎ, ಎಂ, ಇ) ಎಂದು ಬರೆದು, ಸ್ಪೇಸ್ ಬಿಟ್ಟು, ಹೈಫನ್ ಆರ್ ಹಾಕಿದರೆ ಕರ್ನಲ್‌ನ ನಂಬರ್ ಕಾಣುತ್ತದೆ. 22.04ಕ್ಕೆ 6.8 ಕರ್ನಲ್ 2024ರಲ್ಲೇ ಬಂದಿದೆ, ನಿಮಗೂ ಅದು ಬರಬೇಕು. ಇನ್ನೂ 5.15 ಅಂತಲೇ ಇದ್ದರೆ ಹುಡುಗನಿಗೆ ಹೇಳಿ, ಎಚ್‌ಡಬ್ಲ್ಯುಇ ಎಂಬ ಕರ್ನಲ್ ಪ್ಯಾಕೇಜನ್ನು ಅವನೇ ಹಾಕಿಕೊಡಲಿ. ಹೊಸ ಯಂತ್ರಗಳಿಗೋಸ್ಕರ ಉಬುಂಟುವಿನವರೇ ಕೊಡುವ ಹೊಸ ಕರ್ನಲ್ ಅದು.

ಒಂದು ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ, ಈ ಕಾರ್ಡಿನ ಡ್ರೈವರನ್ನು ಹೊರಗಿನಿಂದ ಇಳಿಸಿ ಹಾಕುವ ದಾರಿ ಸಿಗುತ್ತದೆ. ಆ ದಾರಿ ಬೇಡ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇರುತ್ತದೆ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಆಗ ಯಾರೋ ಒಬ್ಬರು ‘ಸೆಕ್ಯೂರ್ ಬೂಟ್ ಆಫ್ ಮಾಡಿ’ ಅನ್ನುತ್ತಾರೆ. ನಿಮ್ಮಲ್ಲಿ ವಿಂಡೋಸ್ ಕೂಡ ಇದೆ ಅಲ್ವಾ? ಅದರಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಆನ್ ಇದ್ದರೆ, ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಫೋಟೋ, ದಾಖಲೆ ಎಲ್ಲ ಬೀಗದೊಳಗೆ. ವೈಫೈ ಸರಿ ಮಾಡಲು ಹೋಗಿ ಮನೆಯವರ ಫೋಟೋ ಕಳೆದುಕೊಂಡರೆ ಎಷ್ಟು ಸಂಕಟ! ಉಬುಂಟುವಿನ ಹೊಸ ಕರ್ನಲ್‌ಗೆ ಸಹಿ ಇರುತ್ತದೆ, ಸೆಕ್ಯೂರ್ ಬೂಟ್ ಮುಟ್ಟುವುದೇ ಬೇಡ.

ಡಾಂಗಲ್ ಬೇಡ ಅಂದದ್ದಕ್ಕೂ ಕಾರಣ ಹೇಳಬೇಕು. ಅಗ್ಗದ ಡಾಂಗಲ್‌ಗಳಲ್ಲಿ ರಿಯಲ್‌ಟೆಕ್‌ನ 8811ಸಿಯು ಎಂಬ ಚಿಪ್ ಇರುವುದುಂಟು. ಅದಕ್ಕೂ ಕರ್ನಲ್‌ನಲ್ಲಿ ಜಾಗ ಸಿಕ್ಕಿದ್ದು ಇದೇ 6.2ರಲ್ಲಿ. ದುಡ್ಡು ಕೊಟ್ಟು ತಂದಿದ್ದರೂ ನಿಮ್ಮ 5.15ರಲ್ಲಿ ಸುಮ್ನೆ ಕೂರುತ್ತಿತ್ತು. ಈಗಾಗಲೇ ಅಂಥ ಡಾಂಗಲ್ ತಂದಿರುವವರಿಗೆ ಒಂದು ಮಾತು: ಚುಚ್ಚಿದ ತಕ್ಷಣ ಅದು ಸಿಡಿ ಡ್ರೈವ್‌ನ ವೇಷದಲ್ಲಿ ಬರಬಹುದು, ನಂಬರ್ 0ಬಿಡಿಎ:1ಎ2ಬಿ ಅಂತ ಕಾಣುತ್ತದೆ. ವಿಂಡೋಸ್‌ನ ಡ್ರೈವರ್ ಅದರೊಳಗೇ ಇಟ್ಟಿರುತ್ತಾರೆ. ಫೈಲ್ಸ್‌ನಲ್ಲಿ ಕಾಣುವ ಆ ಸಿಡಿಯನ್ನು ಇಜೆಕ್ಟ್ ಮಾಡಿ. ಆಗ ಅದು ಸಿಡಿ ವೇಷ ಕಳಚಿ ವೈಫೈ ಆಗುತ್ತದೆ, ನಂಬರೂ ಬದಲಾಗುತ್ತದೆ.

ಮಗಳಿಗೆ ನನ್ನ ಕಡೆಯಿಂದ ಹೇಳಿ, ಮೇಲಿನ ಎರಡು ಕಮಾಂಡ್‌ಗಳನ್ನು ಅವಳೇ ಹೊಡೆಯಲಿ. ಐಸಿಟಿ ಪುಸ್ತಕದ ಪಾಠದಷ್ಟೇ ಇದೂ ಅವಳಿಗೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಕುಂಬಳೆಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್, ಉಬುಂಟು ಕಂಪ್ಯೂಟರ್. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಸಿಸ್ಟಮ್ ಅಪ್‌ಡೇಟ್ ಮಾಡಿದ ಮೇಲೆ, ಕರೆಂಟ್ ಹೋಗಿ ಬಂದರೆ ಪ್ರಿಂಟ್ ಬರುವುದಿಲ್ಲ. ಹಸಿರು ಲೈಟ್ ಇದೆ, ಕೊಟ್ಟ ಕೆಲಸ ಸದ್ದಿಲ್ಲದೆ ಮಾಯವಾಗುತ್ತದೆ. ಪ್ರಿಂಟರನ್ನೂ ಯುಪಿಎಸ್‌ಗೆ ಹಾಕಿದರೆ ಸರಿಯಾಗುತ್ತದಾ?

ಉತ್ತರ: ಯುಪಿಎಸ್‌ಗೆ ಮಾತ್ರ ಹಾಕಬೇಡಿ. ಲೇಸರ್ ಪ್ರಿಂಟರ್ ಒಳಗಿನ ಹೀಟರ್ ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಕಂಪ್ಯೂಟರಿಗೆ ಅಂತ ಇಟ್ಟ ಸಣ್ಣ ಯುಪಿಎಸ್ ಅದನ್ನು ತಡೆಯುವುದಿಲ್ಲ.

ಪ್ರಿಂಟರ್ ಕೆಟ್ಟಿಲ್ಲ. 1020ರ ಸ್ವಭಾವವೇ ಹಾಗೆ. ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ನಡೆಸುವ ಸಾಫ್ಟ್‌ವೇರನ್ನು, ಅದು ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರ್ ಅದನ್ನು ಹೊಸದಾಗಿ ಕಳಿಸಬೇಕು. ಕಳಿಸದಿದ್ದರೆ ಲೈಟ್ ಹಸಿರಾಗಿಯೇ ಇರುತ್ತದೆ, ಪ್ರಿಂಟ್ ಮಾಡುವುದು ಹೇಗೆಂದು ಅದಕ್ಕೆ ತಿಳಿದಿರುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಕರೆಂಟ್ ಹೋದಾಗಲೆಲ್ಲ ಇದೇ ಆಗುತ್ತಿದೆ.

ಎರಡು ವರ್ಷ ಸರಿಯಿತ್ತಲ್ಲ, ಈಗ ಯಾಕೆ? ಲಿನಕ್ಸ್‌ನಲ್ಲಿ ಎಚ್‌ಪಿ ಪ್ರಿಂಟರ್‌ಗಳನ್ನು ನೋಡಿಕೊಳ್ಳುವುದು ಎಚ್‌ಪಿಲಿಪ್ ಎಂಬ ಸಾಫ್ಟ್‌ವೇರ್. 1020ರ ಫರ್ಮ್‌ವೇರ್ ಅದರ ಜೊತೆ ಬರುವುದಿಲ್ಲ, ಪ್ಲಗ್‌ಇನ್ ಅಂತ ಬೇರೆಯಾಗಿ ಇಳಿಸಬೇಕು. ಎಚ್‌ಪಿಲಿಪ್‌ನ ವರ್ಷನ್ ಮತ್ತು ಪ್ಲಗ್‌ಇನ್‌ನ ವರ್ಷನ್ ಎರಡೂ ಒಂದೇ ಆಗಿರಬೇಕು. ಅಪ್‌ಡೇಟ್ ಆದಾಗ ಎಚ್‌ಪಿಲಿಪ್ ಮುಂದೆ ಹೋಯಿತು, ಪ್ಲಗ್‌ಇನ್ ಹಿಂದೆಯೇ ಉಳಿಯಿತು. ಟರ್ಮಿನಲ್‌ನಲ್ಲಿ ಎಚ್‌ಪಿ, ಹೈಫನ್, ಪ್ಲಗ್‌ಇನ್ ಎಂದು ಸ್ಪೇಸ್ ಇಲ್ಲದೆ ಸಣ್ಣ ಅಕ್ಷರದಲ್ಲಿ ಬರೆದು ಎಂಟರ್ ಒತ್ತಿ. ಅದೇ ಸರಿಯಾದ ವರ್ಷನ್ ಇಳಿಸುತ್ತದೆ. ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಗಿರಾಕಿ ಎದುರಿಗೆ ನಿಂತಿದ್ದು ತುರ್ತಾಗಿ ಬೇಕಾದರೆ, ಪ್ಲಗ್‌ಇನ್ ಬದಲು ಫರ್ಮ್‌ವೇರ್ ಎಂದು ಬರೆದರೆ ಆಗಲೇ ಕಳಿಸಿಕೊಡುತ್ತದೆ.

ಹಿಂದೆ ಯಾರಾದರೂ ಫೂ2ಝಡ್‌ಜೆಎಸ್ ಎಂಬ ಇನ್ನೊಂದು ಡ್ರೈವರ್ ಹಾಕಿಕೊಟ್ಟಿದ್ದರೆ ಎರಡರಲ್ಲಿ ಒಂದನ್ನು ತೆಗೆಯಿರಿ. ಅದೂ 1020ಕ್ಕೆ ಆಗುತ್ತದೆ, ಆದರೆ ಎರಡೂ ಇದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಇನ್ನು ಮುಂದೆ ಹೊಸ ಪ್ರಿಂಟರ್ ತಗೊಳ್ಳುವಾಗ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಂತ ಇದೆಯಾ ನೋಡಿ. ಅಂಥದಕ್ಕೆ ಈಗಿನ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ.

ಪ್ರಶ್ನೆ: ಮುಳ್ಳೇರಿಯದವನು. ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೇನೆ. ಗುಡುಗು ಸಿಡಿಲಿನ ದಿನಗಳಲ್ಲಿ ಮಾತ್ರ ಅದು ಹಾಳಾಗುತ್ತದೆ. ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೇವೆ. ಬೆಳಿಗ್ಗೆ ನೋಡಿದರೆ ‘ಬೂಟ್ ಡಿವೈಸ್ ಇಲ್ಲ’ ಅನ್ನುತ್ತದೆ. ಎರಡು ಸಲ ಹೊಸದಾಗಿ ಲಿನಕ್ಸ್ ಹಾಕಿದೆ.

ಉತ್ತರ: ಮೂರನೇ ಸಲ ಹಾಕಬೇಡಿ, ಲಿನಕ್ಸ್ ಅಲ್ಲೇ ಇದೆ. ಪ್ಲಗ್ ಕಿತ್ತಿಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಮದರ್‌ಬೋರ್ಡಿನ ಮೇಲಿರುವ ಸಣ್ಣ ಸೆಲ್ ಸತ್ತಿದೆ. ಪ್ಲಗ್ ಇರುವಾಗ, ಕಂಪ್ಯೂಟರ್ ಆಫ್ ಆಗಿದ್ದರೂ ಬೋರ್ಡಿಗೆ ಸ್ವಲ್ಪ ಕರೆಂಟ್ ಸಿಗುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೆ ಸೆಲ್ ಒಂದೇ ಗತಿ. ಅದೂ ಇಲ್ಲವಾದರೆ ಕಂಪ್ಯೂಟರನ್ನು ಶುರು ಮಾಡುವ ಬಯಾಸ್ ತನ್ನ ಸೆಟ್ಟಿಂಗ್ ಮರೆತು ಫ್ಯಾಕ್ಟರಿಯಿಂದ ಬಂದ ಹಾಗೆ ಆಗುತ್ತದೆ. ನೀವು ಲೆಗಸಿ ಎಂಬ ಹಳೆಯ ಬೂಟ್ ಮೋಡ್‌ನಲ್ಲಿ ಲಿನಕ್ಸ್ ಹಾಕಿದ್ದು, ಬೋರ್ಡ್ ಯುಇಎಫ್‌ಐ ಎಂಬ ಹೊಸ ಮೋಡ್‌ಗೆ ಮರಳಿದ್ದರೆ ಡಿಸ್ಕ್ ಕಾಣುವುದಿಲ್ಲ. ಬಯಾಸ್‌ನ ಗಡಿಯಾರ ನೋಡಿ, ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿದ್ದರೆ ಅನುಮಾನವೇ ಬೇಡ. ಸಿಆರ್2032 ಎಂಬ, ನಾಣ್ಯದ ಹಾಗಿರುವ 3 ವೋಲ್ಟಿನ ಸೆಲ್ ತನ್ನಿ. ಪ್ಲಗ್ ಕಿತ್ತು, ಪ್ಲಸ್ ಗುರುತು ಹಳೆಯದರ ಹಾಗೇ ಬರುವಂತೆ ಕೂರಿಸಿ. ಬಯಾಸ್‌ನಲ್ಲಿ ತಾರೀಖು ಮತ್ತು ಬೂಟ್ ಮೋಡ್ ಒಮ್ಮೆ ಸರಿಮಾಡಿ ಸೇವ್ ಮಾಡಿ. ಅಲ್ಲೇ ಸಾಟಾ (ಡಿಸ್ಕ್ ಜೋಡಣೆಯ) ಮೋಡ್ ಕೂಡ ನೋಡಿ, ಮೊದಲು ಎಎಚ್‌ಸಿಐ ಇದ್ದರೆ ಈಗಲೂ ಅದೇ ಇರಬೇಕು.

ಪ್ರಶ್ನೆ: ಮಂಜೇಶ್ವರದ ವಿದ್ಯಾರ್ಥಿ. ಲಿನಕ್ಸ್‌ನಲ್ಲಿ ಕೆಲಸ ಮುಗಿಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ನನ್ನದೂ ಸೆಲ್ ತೊಂದರೆಯಾ ಸರ್?

ಉತ್ತರ: ಅಲ್ಲಪ್ಪ. ಸೆಲ್ ಹೋದರೆ ಗಡಿಯಾರ ಹೀಗೆ ಲೆಕ್ಕ ಹಾಕಿದ ಹಾಗೆ ತಪ್ಪುವುದಿಲ್ಲ. ಐದೂವರೆ ಗಂಟೆ ಅಂದರೆ ಗ್ರೀನ್‌ವಿಚ್ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ಅಂತರ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಗ್ರೀನ್‌ವಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಅಂತ ಸೇರಿಸಿ ಒಮ್ಮೆ ಕೊಡು. ಮುಂದಿನ ಸಲ ವಿಂಡೋಸ್ ತೆರೆದಾಗ ಸಮಯ ಸರಿ ಇರುತ್ತದೆ.