ಹಾಸ್ಯ ಚಿತ್ರಗಳಲ್ಲಿ ತೋರಿಸುವ 'ಒಬ್ಬನೊಳಗೆ ಇಬ್ಬರು' ಕಾಯಿಲೆ ನಿಜಕ್ಕೂ ಹಾಗೇ ಇರುತ್ತದೆಯೇ?

ಬಹುಮಟ್ಟಿಗೆ ಇಲ್ಲ. 2000ರಲ್ಲಿ ಬಂದ 'ಮೀ, ಮೈಸೆಲ್ಫ್ ಅಂಡ್ ಐರೀನ್' ಚಿತ್ರವನ್ನೇ ನೋಡಿ. ಜಿಮ್ ಕ್ಯಾರಿ ಮಾಡಿರುವ ಚಾರ್ಲಿ ಎಂಬ ಸಾಧು ಪೊಲೀಸ್‌ನವನು ವರ್ಷಗಟ್ಟಲೆ ಅವಮಾನ ನುಂಗಿಕೊಂಡಿರುತ್ತಾನೆ. ಒಂದು ದಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಮುಖ ಕಿವುಚಿ, ದನಿ ಒರಟಾಗಿ, ಹ್ಯಾಂಕ್ ಎಂಬ ಪುಂಡ ಹೊರಬರುತ್ತಾನೆ. ಕ್ಯಾರಿಯ ಮುಖಾಭಿನಯ ಅದ್ಭುತ, ಅದನ್ನು ಒಪ್ಪಲೇಬೇಕು. ಆದರೆ ಚಿತ್ರ ಇದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರಿಡುತ್ತದೆ. ಅದು ಬೇರೆಯೇ ಕಾಯಿಲೆ. ಭ್ರಮೆ, ಇಲ್ಲದ ದನಿ ಕೇಳಿಸುವುದು ಅದರ ಲಕ್ಷಣ. ಮಾನಸಿಕ ಆರೋಗ್ಯ ಸಂಘಟನೆಗಳು ಆಗಲೇ ಇದನ್ನು ವಿರೋಧಿಸಿದ್ದವು.

ಒಬ್ಬರೊಳಗೆ ಒಂದಕ್ಕಿಂತ ಹೆಚ್ಚು ವ್ಯಕ್ತಿತ್ವಗಳು ಕಾಣಿಸಿಕೊಳ್ಳುವ ನಿಜವಾದ ಕಾಯಿಲೆಯ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. ಅದು ಇರುವವರಲ್ಲಿ ವ್ಯಕ್ತಿತ್ವ ಬದಲಾಗುವುದು ಎಷ್ಟೋ ಸಲ ಎದುರಿಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಅವರನ್ನು ಹೆಚ್ಚು ಕಾಡುವುದು ಮರೆವು: ತಾನು ಇಲ್ಲಿಗೆ ಹೇಗೆ ಬಂದೆ, ಈ ವಸ್ತುವನ್ನು ಯಾವಾಗ ಕೊಂಡೆ ಎಂಬುದೇ ನೆನಪಿರುವುದಿಲ್ಲ. ನಾಚಿಕೆಯಿಂದ ಅದನ್ನು ಮುಚ್ಚಿಡುವವರೇ ಜಾಸ್ತಿ. ಇದರ ಹಿಂದೆ ಬಹಳ ಸಲ ಬಾಲ್ಯದಲ್ಲಿ ಪದೇ ಪದೇ ಅನುಭವಿಸಿದ ತೀವ್ರ ದೌರ್ಜನ್ಯ ಇರುತ್ತದೆ. ಆ ನೋವನ್ನು ತೆರೆಯ ಮೇಲೆ ತಂದರೆ ನಗು ನಿಂತುಹೋಗುತ್ತದೆ, ಹಾಗಾಗಿ ಹಾಸ್ಯ ಚಿತ್ರ ಅದನ್ನು ಬಿಟ್ಟು ಹೆಂಡತಿ ಬಿಟ್ಟುಹೋದಳು, ಕೋಪ ಅದುಮಿಟ್ಟ ಎಂಬಂಥ ಕಾರಣ ಕೊಡುತ್ತದೆ.

'ಎರಡನೆಯವನು ಅಪಾಯಕಾರಿ' ಎಂಬ ಚಿತ್ರಣ ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುತ್ತದೆ. ಇಂಥವರು ಪರರಿಗಿಂತ ತಮಗೇ ಹಾನಿ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಆತ್ಮಹತ್ಯೆಯ ಯತ್ನ ಇವರಲ್ಲಿ ಸಾಮಾನ್ಯ. ಚಾರ್ಲಿಗೆ ಕೊಡುವಂತೆ ಇದಕ್ಕೆಂದೇ ಮಾತ್ರೆಯೂ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧಿ ಕೊಡುತ್ತಾರೆ. ಮುಖ್ಯ ಚಿಕಿತ್ಸೆ ವರ್ಷಗಳ ಕಾಲ ನಡೆಯುವ ಮನೋಚಿಕಿತ್ಸೆ.