ಯುಗಾದಿಗೆ ಹೂಕೋಸು ಬಿತ್ತಬೇಡಿ

ಯುಗಾದಿ ಹತ್ತಿರ ಬಂತು ಅಂದ್ರೆ ಕೈತೋಟದ ಪ್ರಶ್ನೆಗಳು ಸಾಲುಗಟ್ಟುತ್ತವೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅದೇ. ಗುಂಡಿ ಎಷ್ಟು ಆಳ, ಬೀಜ ಎಷ್ಟು ದೂರ ಅನ್ನುವುದೆಲ್ಲ ಪೊಟ್ಟಣದ ಮೇಲೇ ಬರೆದಿರುತ್ತದೆ, ಓದಿಕೊಳ್ಳಿ.

ತುಮಕೂರಿನಲ್ಲಿದ್ದೇವೆ. ಮನೆ ಹಿಂದೆ 20 ಅಡಿ ಉದ್ದ, 10 ಅಡಿ ಅಗಲದ ಜಾಗವಿದೆ. ಮಕ್ಕಳ ರಜೆಯಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯುವ ಆಸೆ. ಕ್ಯಾರೆಟ್, ಹೂಕೋಸು, ಕೊತ್ತಂಬರಿ, ಟೊಮೆಟೊ ಬೀಜ ತಂದಿದ್ದೇವೆ. ವಸಂತದಲ್ಲಿ ಇವನ್ನೇ ಬಿತ್ತಬೇಕೆಂದು ವಿಡಿಯೊದಲ್ಲಿ ನೋಡಿದೆವು. ಸರಿಯೇ?

ಸರಿಯಲ್ಲ. ಆ ವಿಡಿಯೊ ಹಿಮ ಬೀಳುವ ದೇಶದ್ದು. ಅಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಮಣ್ಣು ಆಗಷ್ಟೇ ಬೆಚ್ಚಗಾಗುತ್ತಿರುತ್ತದೆ. ನಿಮ್ಮಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 35 ಡಿಗ್ರಿ ಮುಟ್ಟಿರುತ್ತದೆ. ಆ ಸೆಕೆಗೆ ಕೊತ್ತಂಬರಿ ನಾಲ್ಕು ಎಲೆ ಬಿಟ್ಟು ಹೂವಿಗೆ ಹೋಗುತ್ತದೆ. ಹೂಕೋಸಿನ ಹೆಚ್ಚಿನ ತಳಿಗಳು ಎಲೆ ಬಿಡುತ್ತಲೇ ಇರುತ್ತವೆ, ಹೂ ಕಟ್ಟುವುದಿಲ್ಲ. ಕ್ಯಾರೆಟ್ ನಾರುನಾರು. ಈ ಮೂರನ್ನೂ ಡಬ್ಬಿಗೆ ಹಾಕಿ ತಂಪಾದ, ಒಣ ಜಾಗದಲ್ಲಿಡಿ. ದಸರಾ ಹೊತ್ತಿಗೆ ತೆಗೆಯಿರಿ.

ಟೊಮೆಟೊ ಕಥೆ ಬೇರೆ. ಬೇಸಿಗೆಯಲ್ಲಿ ಬಿಳಿ ನೊಣ ಜಾಸ್ತಿ. ಅದು ಎಲೆ ಮುದುಡುವ ವೈರಸ್ ತರುತ್ತದೆ. ಒಮ್ಮೆ ಎಲೆ ಮುದುಡಿದರೆ ಆ ಗಿಡಕ್ಕೆ ಔಷಧಿ ಇಲ್ಲ. ಹುಳಿ ಮಜ್ಜಿಗೆ ಚಿಮುಕಿಸಿ ಕಾಯುವುದು ಬೇಡ, ಕಿತ್ತುಹಾಕಿ. ಹಾಕಲೇಬೇಕು ಅಂತಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ. ಈ ರೋಗವನ್ನು ತಡೆದುಕೊಳ್ಳಲೆಂದೇ ಮಾಡಿದ ಹೈಬ್ರಿಡ್ ಅದು. ಅದರ ಹಣ್ಣಿನಿಂದ ಬೀಜ ತೆಗೆದಿಟ್ಟುಕೊಳ್ಳಬೇಡಿ, ಮುಂದಿನ ಗಿಡ ಹಾಗೇ ಬರುವುದಿಲ್ಲ.

ಹಾಗಾದ್ರೆ ಈಗ ಏನು ಹಾಕಬೇಕು? ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹರಿವೆ. ಇವಕ್ಕೆ ಸೆಕೆ ಅಂದ್ರೆ ಇಷ್ಟ. ಮಕ್ಕಳ ಕೈಗೆ ಹರಿವೆ ಬೀಜ ಕೊಡಿ. ತಿಂಗಳೊಳಗೆ ಸಾರಿಗೆ ಸೊಪ್ಪು ಬರುತ್ತದೆ. ಅದಕ್ಕಿಂತ ಜಾಸ್ತಿ ದಿನ ಕಾಯುವ ತಾಳ್ಮೆ ಮಕ್ಕಳಿಗೆಲ್ಲಿದೆ? ಬೆಂಡೆ ಸುಮಾರು 45ರಿಂದ 50 ದಿನಕ್ಕೆ ಶುರುವಾಗುತ್ತದೆ. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಇಲ್ಲದಿದ್ದರೆ ಬಲಿತು ನಾರಾಗುತ್ತದೆ. ಬೆಂಡೆಗೂ ಅದೇ ಬಿಳಿ ನೊಣ ಎಲೆಯ ನರ ಹಳದಿಯಾಗುವ ರೋಗ ತರುತ್ತದೆ. ಹಾಗಾಗಿ ಸಂತೆಯ ಬಿಡಿ ಬೀಜ ಬಿಟ್ಟು ಅರ್ಕಾ ಅನಾಮಿಕಾದಂಥ ತಳಿ ಕೇಳಿ ತನ್ನಿ.

ಒಂದು ಎಚ್ಚರಿಕೆ. ಪೊಟ್ಟಣದ ಬೀಜ ಗುಲಾಬಿಯೋ ನೀಲಿಯೋ ಇದ್ದರೆ ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ ಅಂತಲೇ ತಿಳಿಯಿರಿ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಅಡುಗೆ ಮನೆಯ ಬಟ್ಟಲಲ್ಲಿ ನೆನೆಸಬೇಡಿ. ಉಳಿದ ಬೀಜವನ್ನು ಕೋಳಿಗೆ ಎಸೆಯಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಅತಿ ಅನ್ನಿಸಬಹುದು, ಅನ್ನಿಸಲಿ.

ಇನ್ನೊಂದು, ಇಡೀ ಜಾಗವನ್ನು ಅಗೆಯಬೇಡಿ. ಮೊದಲ ಸಲಕ್ಕೆ ಕಾಲು ಭಾಗ ಸಾಕು. ಮೇಲೆ ಒಣ ಎಲೆ ದಪ್ಪಗೆ ಹರಡಿ, ಬೆಳಿಗ್ಗೆ ಬೇಗ ನೀರು ಹಾಕಿ. ಸಸಿ ಎಳೆಯದಿರುವಾಗ ಮಧ್ಯಾಹ್ನಕ್ಕೆ ತೆಂಗಿನ ಗರಿಯ ನೆರಳು ಕೊಡಿ. ಮೇ ತಿಂಗಳಲ್ಲಿ ನೀವೆಲ್ಲ ಅಜ್ಜಿ ಮನೆಗೆ ಹೊರಡುವವರು ತಾನೇ? ನೀರು ಹಾಕುವವರು ಯಾರು ಅಂತ ಬಿತ್ತುವ ಮೊದಲೇ ತೀರ್ಮಾನಿಸಿ. ಪಕ್ಕದ ಮನೆಯವರು ಒಪ್ಪದಿದ್ದರೆ ಈ ಸಲ ಹರಿವೆ ಮಾತ್ರ ಹಾಕಿ, ಕಿತ್ತು ತಿಂದು ಹೋಗಿ. ಉಳಿದದ್ದು ಜೂನ್ ಮಳೆಗೆ ನೋಡೋಣ.

ಹೀರೆ ಬಳ್ಳಿಯ ಹೂವೆಲ್ಲ ಉದುರುತ್ತಿವೆ. ಟಾನಿಕ್ ಹೊಡೆಯಬೇಕಂತೆ?

ಬೇಡ. ಮೊದಲು ಬರುವುದು ಗಂಡು ಹೂವು, ಅದು ಉದುರಲೇಬೇಕು. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು. ಅದೂ ಉದುರುತ್ತಿದ್ದರೆ ಸಂಜೆ ಗಂಡು ಹೂವು ಕಿತ್ತು ಅದಕ್ಕೆ ಮುಟ್ಟಿಸಿ. ಹೀರೆ ಹೂವು ಅರಳುವುದು ಸಂಜೆ, ಬೆಳಿಗ್ಗೆ ಹೋಗಿ ಮುಟ್ಟಿಸಿದರೆ ಏನೂ ಆಗದು.

ಎಪ್ಸಮ್ ಸಾಲ್ಟ್, ಕಾಫಿ ಚರಟ, ಮೊಟ್ಟೆ ಸಿಪ್ಪೆ, ಇದರಲ್ಲಿ ಯಾವುದು ಒಳ್ಳೆಯದು?

ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ.

ಅಮಾವಾಸ್ಯೆ ದಿನ ಬಿತ್ತಬಹುದೇ?

ಬಿತ್ತಿ. ನೀರು ಹಾಕಲು ಮರೆಯಬೇಡಿ.

ಬೆಂಡೆಗೆ ಹುಳ ಬಿದ್ದಿದೆ. ಅಂಗಡಿಯವರು ಮೊನೊಕ್ರೊಟೊಫಾಸ್ ಕೊಟ್ಟಿದ್ದಾರೆ, ಎಷ್ಟು ಹಾಕಲಿ?

ಒಂದು ತೊಟ್ಟೂ ಬೇಡ. ತರಕಾರಿಗೆ ಅದನ್ನು ಬಳಸಕೂಡದೆಂದು 2005ರಲ್ಲೇ ನಿಷೇಧವಾಗಿದೆ. ಅದನ್ನು ಮನೆ ತೋಟಕ್ಕೆ ಕೊಟ್ಟ ಅಂಗಡಿಯಲ್ಲಿ ಇನ್ನು ಬೀಜವನ್ನೂ ಕೊಳ್ಳಬೇಡಿ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು, ಇವತ್ತೇ ಹಿಂದಿರುಗಿಸಿ. ಹುಳ ಹೊಕ್ಕ ಕಾಯಿಗಳನ್ನು ಕಿತ್ತು ನಾಶ ಮಾಡಿ. ಹತ್ತು ಗಿಡಕ್ಕೆ ಕೈಯೇ ಸಾಕು.

ಬೆಂಗಳೂರಿನಲ್ಲಿದ್ದೇವೆ. ಗಿಡಕ್ಕೆ ಯಾವ ನೀರು ಹಾಕಲಿ?

ಕಾವೇರಿ ನೀರಂತೂ ಬೇಡ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದವರಿಗೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಲ್ವಾ? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕು ಸಾಲು ಸೊಪ್ಪಿಗೆ ಸಾಕು. ಸೋಪಿನ ನೀರು ಬೇಡ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದರಿಂದ ನೆಲ ಒರೆಸಿಕೊಳ್ಳಿ.