ಕೂಸಿನ ಲೆಕ್ಕಕ್ಕೆ ಎಷ್ಟು ಬಡ್ಡಿ?

ಪ್ರಶ್ನೆ: ಮುನ್ನೂರು ಜನ ದುಡಿಯುವ ಕಾರ್ಖಾನೆ ನಮ್ಮದು. ನೌಕರರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ತೆರೆಯುವ ಪ್ರಸ್ತಾವ ಆಡಳಿತ ಮಂಡಳಿಯ ಮುಂದಿದೆ. ಎಳೆಯ ಮಕ್ಕಳಿಗಾಗಿ ಹೂಡಿದ ಹಣಕ್ಕೆ ವರ್ಷಕ್ಕೆ ಶೇ 13ರಷ್ಟು ಪ್ರತಿಫಲವಿದೆ ಎಂದು ಓದಿದೆ. ಅದು ಯಾವಾಗ ಕೈಸೇರುತ್ತದೆ?

ಉತ್ತರ: ಕೈಸೇರುವುದಿಲ್ಲ. ಈ ಶೇ 13 ನನಗೆ ತಲೆನೋವಾಗಿ ಹೋಗಿದೆ. ಉದ್ಯಮಿಗಳ ಪತ್ರ ಬಂತೆಂದರೆ ಒಳಗೆ ಅದು ಇದ್ದೇ ಇರುತ್ತದೆ. 1970ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಬಡ ಕುಟುಂಬಗಳ ಕೂಸುಗಳಿಗೆ ಐದು ವರ್ಷದವರೆಗೆ ಉತ್ತಮ ಆರೈಕೆ ಕೊಟ್ಟರು. ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತು ಸಂಗಡಿಗರು ಅದರ ಫಲವನ್ನು ಲೆಕ್ಕ ಹಾಕಿದಾಗ ಬಂದ ಅಂಕಿ ಅದು. ಬೆಳೆದ ಮಕ್ಕಳ ಆರೋಗ್ಯ, ಗಳಿಕೆ, ತಪ್ಪಿದ ಅಪರಾಧಗಳು ಎಲ್ಲ ಅದರಲ್ಲಿ ಸೇರಿವೆ. ಲಾಭ ಸಂದದ್ದು ಸಮಾಜಕ್ಕೆ, ಯಾವ ಕಂಪನಿಯ ತಿಜೋರಿಗೂ ಅಲ್ಲ.

ಆದರೆ ಆ ಲೆಕ್ಕದಲ್ಲಿ ಯಾರೂ ಓದದ ಬಾಬತ್ತೊಂದಿದೆ: ತಾಯಂದಿರ ಗಳಿಕೆ. ಕೂಸು ನಂಬಿಕೆಯ ಕೈಯಲ್ಲಿದ್ದುದರಿಂದ ಅವರು ಕೆಲಸಕ್ಕೆ ಹೋದರು, ಓದು ಮುಂದುವರಿಸಿದರು. ನಿಮ್ಮ ಪಾಲು ಇರುವುದು ಇಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಕಾಯಬೇಕಿಲ್ಲ. ಹೆರಿಗೆ ರಜೆ ಮುಗಿಸಿ ಎಷ್ಟು ಮಂದಿ ಮರಳಲಿಲ್ಲ, ಅವರ ಜಾಗಕ್ಕೆ ಬಂದವರಿಗೆ ಕೆಲಸ ಕಲಿಸಲು ಎಷ್ಟು ತಿಂಗಳು ಹಿಡಿಯಿತು ಎಂಬುದನ್ನು ನಿಮ್ಮದೇ ಹಾಜರಿ ಪುಸ್ತಕ ಹೇಳುತ್ತದೆ. ಮಂಡಳಿಯ ಮುಂದೆ ಅದನ್ನಿಡಿ.

ಇನ್ನು ಹಣ ಎಲ್ಲಿಗೆ ಹೋಗಬೇಕು? ಒಮ್ಮೆ ಒಂದು ಕಂಪನಿಯವರು ಹೆಮ್ಮೆಯಿಂದ ತಮ್ಮ ಕೇಂದ್ರ ತೋರಿಸಿದರು. ಗೋಡೆ ತುಂಬ ಚಿತ್ತಾರ. ಆಟಿಕೆಗಳು ಎತ್ತರದ ಕಪಾಟಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಹಿತ. ಹದಿನಾಲ್ಕು ಕೂಸುಗಳಿಗೆ ಒಬ್ಬರೇ ಆಯಾ. ತೊಟ್ಟಿಲಲ್ಲಿದ್ದ ಒಂದು ಮಗು ‘ಬಾ ಬಾ’ ಎಂದಿತು, ಬಾಗಿಲತ್ತ ನೋಡಿ ಇನ್ನೊಮ್ಮೆ ಎಂದಿತು, ಯಾರೂ ಓಗೊಡದಿದ್ದಾಗ ಸುಮ್ಮನೆ ತನ್ನ ಬೆರಳು ನೋಡುತ್ತ ಮಲಗಿತು. ಪಾಪ, ಆಯಾ ಇನ್ನೊಂದರ ಬಟ್ಟೆ ಬದಲಿಸುತ್ತಿದ್ದರು. ಮಿದುಳು ಬೆಳೆಯುವುದು ಆ ‘ಬಾ’ಗೆ ಮರುದನಿ ಸಿಕ್ಕಾಗ. ವರ್ಷದೊಳಗಿನ ಮೂರು ಕೂಸಿಗೆ ಒಬ್ಬರು ಆರೈಕೆದಾರರು ಬೇಕು. ಅವರು ಆರು ತಿಂಗಳಿಗೊಮ್ಮೆ ಬಿಟ್ಟು ಹೋಗದಷ್ಟು ಸಂಬಳ ಬೇಕು. ಅದು ಆಗದೆಂದರೆ ಕೇಂದ್ರ ತೆರೆಯಲೇಬೇಡಿ. ನನ್ನ ಈ ಮಾತು ಕೆಲವರಿಗೆ ಒರಟೆನಿಸಿದೆ, ಇರಲಿ.

ದುಬಾರಿ ಸಾಮಾನು ಬೇಕಿಲ್ಲ ಎನ್ನುವುದಕ್ಕೆ ಜಮೈಕಾ ಸಾಕು. 1980ರ ದಶಕದಲ್ಲಿ ಅಲ್ಲಿ ಬೆಳವಣಿಗೆ ಕುಂಠಿತಗೊಂಡಿದ್ದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಬಹುದಾದ ಆಟಿಕೆಗಳಿಂದ ಮಗುವಿನೊಡನೆ ಆಡುವುದನ್ನು, ಮಾತಾಡುವುದನ್ನು ತಾಯಂದಿರಿಗೆ ಕಲಿಸಿದರು. ನಡೆದದ್ದು ಎರಡು ವರ್ಷ. 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಭೇಟಿ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು.

ಪ್ರಶ್ನೆ: ಗರ್ಭಿಣಿ ನೌಕರರಿಗೆ ಮೊಜಾರ್ಟ್ ಸಂಗೀತದ ಉಡುಗೊರೆ ಕೊಟ್ಟರೆ ಮಕ್ಕಳ ಬುದ್ಧಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಈ ನಂಬಿಕೆಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಉಡುಗೊರೆಯ ಬದಲು ರಜೆ ಕೊಡಿ.

ಪ್ರಶ್ನೆ: ‘ಮಿಡ್‌ಬ್ರೈನ್ ಆಕ್ಟಿವೇಷನ್’ ಎಂದು, ಕಣ್ಣು ಕಟ್ಟಿದರೂ ಓದುವುದನ್ನು ಮಕ್ಕಳಿಗೆ ಕಲಿಸುತ್ತೇವೆನ್ನುವ ಶಿಬಿರ ಪ್ರಾಯೋಜಿಸಬಹುದೇ?

ಉತ್ತರ: ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತದೆ. ಮಗುವಿಗೆ ಸುಳ್ಳು ಕಲಿಸುವ ಈ ಮೋಸಕ್ಕೆ ಬಿಡಿಗಾಸೂ ಕೊಡಬೇಡಿ.

ಪ್ರಶ್ನೆ: ನಮ್ಮಲ್ಲಿರುವುದು ಹತ್ತೇ ನೌಕರರು. ಕೇಂದ್ರ ನಡೆಸುವ ಶಕ್ತಿಯಿಲ್ಲ.

ಉತ್ತರ: ಪಾಳಿಯ ಪಟ್ಟಿಯನ್ನು ಎರಡು ವಾರ ಮೊದಲೇ ಗೋಡೆಗೆ ಅಂಟಿಸಿ. ಲಸಿಕೆಯ ದಿನ ಅರ್ಧ ದಿನದ ಸಂಬಳ ಕಡಿಯಬೇಡಿ, ಅಪ್ಪಂದಿರದ್ದೂ ಸೇರಿ. ಎದೆಹಾಲು ತೆಗೆದಿಡಲು ಚಿಲಕವಿರುವ ಕೋಣೆಯೊಂದನ್ನು ಬಿಟ್ಟುಕೊಡಿ. ಶೌಚಾಲಯ ತೋರಿಸಬೇಡಿ.